ಕಲ್ಲನ್ನು ಹಿಡಿಯುವ ಅಣುಗಳು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪದಲ್ಲಿ, ಕೊಕ್ಕರೆ ಬೆಳ್ಳೂರೆಂಬ ಗ್ರಾಮವಿದೆ. ಊರ ನಡುವಣ ಹುಣಿಸೆ, ಅರಳಿ ಮೊದಲಾದ ಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟಿ ಮರಿಮಾಡುತ್ತವೆ. ನೀರಿನಿಂದ ಮರಳಿದ ಹೆಜ್ಜಾರ್ಲೆಯು ಕೊಕ್ಕನ್ನು ಬಾಲದ ಬುಡಕ್ಕೆ ಒಯ್ದು, ಅಲ್ಲಿನ ಗ್ರಂಥಿಯಿಂದ ಒಸರುವ ಜಿಡ್ಡನ್ನು ಗರಿಗಳಿಗೆ ಸವರಿಕೊಳ್ಳುವುದನ್ನು ಅಲ್ಲಿ ನೋಡಬಹುದು. ಗರಿ ನೆನೆಯದಿರಲು ಈ ಜಿಡ್ಡು ನೆರವಾಗುತ್ತದೆ. ಆದರೆ ಅದು ಬರಿದೇ ಮೆತ್ತಿಕೊಂಡಿರುವುದರಿಂದ ಸವೆದುಹೋಗುತ್ತದೆ. ಹಕ್ಕಿಯು ಮತ್ತೆ ಮತ್ತೆ ಸವರುತ್ತಲೇ ಇರಬೇಕು.

ಕಲ್ಲಿಗೂ ಗಾಜಿಗೂ ಕೊಕ್ಕಿಲ್ಲ. ಅವುಗಳ ಮೇಲೆ ಒಮ್ಮೆ ಹಚ್ಚಿದ ಲೇಪವು ತಾನಾಗಿಯೇ ಬಹುಕಾಲ ನಿಲ್ಲಬೇಕಾದರೆ ಏನು ಮಾಡಬೇಕು?

ಈ ಸೀಮೆಯ ನೆಲದಡಿ ಹಾಸಿರುವ ಪುರಾತನ ನೈಸ್ ಶಿಲೆಯಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕಗಳಿವೆ. ಬೆಣಚುಕಲ್ಲಿನ ಮೈಮೇಲೆ ಆಮ್ಲಜನಕ-ಜಲಜನಕಗಳ ಜೋಡಿಗಳು ಸಾಲುಗಟ್ಟಿವೆ. ಗಾಜಿನ ಮೈಯೂ ಅಂತಹುದೇ. ಈ ಜೋಡಿಗಳಿಗೆ ನೀರೆಂದರೆ ಬಲು ಒಲವು. ಆದುದರಿಂದ ಮೇಲೆ ಹಚ್ಚಿದ ಎಣ್ಣೆಯನ್ನಾಗಲಿ ರಾಳವನ್ನಾಗಲಿ ಪಕ್ಕಕ್ಕೆ ತಳ್ಳಿ ನೀರು ಒಳನುಗ್ಗುತ್ತದೆ. 1940ರ ದಶಕದಲ್ಲಿ ಗಾಜಿನ ಎಳೆಗಳನ್ನು ರಾಳದಲ್ಲಿ ಹುದುಗಿಸಿ ಗಟ್ಟಿ ಹಲಗೆಗಳನ್ನು ಮಾಡಿದಾಗ ಈ ತೊಡಕು ಎದುರಾಯಿತು. ಒಣಗಿದ್ದಾಗ ಬಲವಾಗಿದ್ದ ಹಲಗೆ ನೀರಿನಲ್ಲಿ ನೆನೆದು ದುರ್ಬಲವಾಗುತ್ತಿತ್ತು. ಅಂತಹ ಹಲಗೆಯಿಂದ ದೋಣಿ ಮಾಡುವುದೆಂತು?

ಇದಕ್ಕೆ ದೊರೆತ ಪರಿಹಾರವೇ ಸಿಲೇನ್. ಒಲ್ಲದ ಎರಡು ಮನೆಗಳ ನಡುವೆ ನಂಟು ಕುದುರಿಸುವ ಹಿರಿಯನಂತೆ, ಇದರ ಅಣುವಿಗೆ ಎರಡು ಬಗೆಯ ಕೈಗಳುಂಟು. ಇಂಗಾಲದ ಸರಪಳಿಯುಳ್ಳ ಒಂದು ಕೈ ರಾಳವನ್ನು ಹಿಡಿಯುತ್ತದೆ. ಸಿಲಿಕಾನ್ ಪರಮಾಣುವಿನಿಂದ ಹೊರಟ ಉಳಿದ ಮೂರು ಕೈಗಳು, ನೀರಿನ ಸಂಪರ್ಕದಿಂದ ಮಾರ್ಪಟ್ಟು, ಖನಿಜದ ಮೈಯನ್ನೂ ನೆರೆಯ ಸಿಲೇನ್ ಅಣುಗಳನ್ನೂ ಹಿಡಿದು ಬಲೆಯನ್ನು ಹೆಣೆಯುತ್ತವೆ.

ಸಿಲಿಕಾನ್-ಆಮ್ಲಜನಕ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 450 ಕಿಲೋಜೂಲ್ ಶಕ್ತಿ ಬೇಕು. ಇಂಗಾಲ-ಇಂಗಾಲ ಬಂಧಕ್ಕೆ ಸುಮಾರು 350 ಸಾಕು. ಹೀಗಿರಲು ಈ ಬಂಧ ಶಾಶ್ವತವೆಂದು ಓದುಗರು ಭಾವಿಸಬಹುದು. ಆದರೆ ನೀರು ಅದನ್ನು ಬಲಪ್ರಯೋಗದಿಂದ ಕೀಳುವುದಿಲ್ಲ. ತಾನೇ ಪ್ರತಿಕ್ರಿಯೆಯಲ್ಲಿ ಭಾಗಿಯಾಗಿ, ಕಡಮೆ ಶಕ್ತಿಯ ಹಾದಿಯಿಂದ ಮೆಲ್ಲನೆ ಬಿಡಿಸುತ್ತದೆ. ಕ್ಷಾರವೂ ಶಾಖವೂ ಇದ್ದರೆ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ.

ಹಾಗಾದರೆ ದೋಣಿ ಉಳಿಯುವುದು ಹೇಗೆ? ಅಮೆರಿಕದ ಡೌ ಕಾರ್ನಿಂಗ್ ಸಂಸ್ಥೆಯ ಎಡ್ವಿನ್ ಪ್ಲೂಡೆಮನ್, 1982ರಲ್ಲಿ ಸಿಲೇನ್‌ಗಳನ್ನು ಕುರಿತು ಗ್ರಂಥವನ್ನೇ ಬರೆದ ರಸಾಯನಶಾಸ್ತ್ರಜ್ಞರು, ಕೊಟ್ಟ ವಿವರಣೆ ಇದು: ನೀರು ಬಿಡಿಸಿದ ಬಂಧ ಮರಳಿ ಕೂಡಬಲ್ಲದು. ಬಲೆಯೂ ಗಟ್ಟಿ ರಾಳವೂ ಸಿಲೇನ್ ಅಣುವನ್ನು ಸ್ಥಳದಲ್ಲಿಯೇ ನಿಲ್ಲಿಸಿರುವುದರಿಂದ, ಒಂದು ಕೈ ಬಿಟ್ಟರೂ ಇತರ ಕೈಗಳು ಹಿಡಿದಿರುತ್ತವೆ. ಬಿಟ್ಟ ಕೈ ಮತ್ತೆ ಹಿಡಿಯುತ್ತದೆ. ಅಂದರೆ ಈ ಬಾಳಿಕೆಯ ಗುಟ್ಟು ಬಂಧ ಮುರಿಯದಿರುವುದರಲ್ಲಿಲ್ಲ, ಮುರಿದದ್ದು ಮರಳಿ ಕೂಡುವುದರಲ್ಲಿದೆ.

ಎಲ್ಲ ಖನಿಜಗಳೂ ಈ ನಂಟಿಗೆ ಒಗ್ಗುವುದಿಲ್ಲ. ಬೆಣಚುಕಲ್ಲು, ಗಾಜುಗಳ ಮೇಲೆ ಸಿಲೇನ್ ಚೆನ್ನಾಗಿ ನಿಲ್ಲುತ್ತದೆ. ಸುಣ್ಣಕಲ್ಲು, ಅಮೃತಶಿಲೆಗಳ ಮೈಯಲ್ಲಿ ತಕ್ಕ ಜೋಡಿಗಳು ವಿರಳ. ಅಲ್ಲಿ ಹುಟ್ಟುವ ಬಂಧಗಳೂ ನೀರಿಗೆ ಸುಲಭವಾಗಿ ಸೋಲುತ್ತವೆ. ಅಲ್ಲಿ ಸಿಲೇನಿನ ಬಲೆ ಹೊದಿಸಿದ ಬಟ್ಟೆಯಂತೆ ಬರಿದೇ ಕುಳಿತಿರುತ್ತದೆ. ಆದುದರಿಂದ ಲೇಪದ ಡಬ್ಬಿಯನ್ನು ತೆರೆಯುವ ಮೊದಲು, ಕೈಯಲ್ಲಿರುವ ಕಲ್ಲು ಯಾವುದೆಂದು ತಿಳಿದುಕೊಳ್ಳುವುದು ಲೇಸು.