ಇಂಗ್ಲೆಂಡಿನಲ್ಲಿ ಮನೆ ಕೊಂಡರೆ ನೆಲ ಯಾರದು?



ಕಾನೂನು ಸಂವಾದದ ಚಿತ್ರೀಕರಣದ ದಿನ ಪಿಯುಸಿ ಓದುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು, “ನಮ್ಮಣ್ಣ ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡಿದ್ದಾನೆ. ಆದರೆ ಅದು 99 ವರ್ಷಕ್ಕೆ ಮಾತ್ರ ಅಂತಾನೆ. ಹಾಗಾದರೆ ಕೊಂಡ ಹಾಗೆ ಹೇಗಾಯ್ತು ಸರ್?” ಎಂದು ಕೇಳಿದಳು. ಆಗ ಕಾರ್ಯಕ್ರಮ ಮುಗಿಯಲು ಉಳಿದದ್ದು ಎರಡೇ ನಿಮಿಷ. ಅತಿಥಿ ವಕೀಲರು ಹೇಳಲಾಗದೆ ಉಳಿದುಹೋದ ಉತ್ತರಕ್ಕೆ ಇಲ್ಲಿ ಸ್ವಲ್ಪ ಜಾಗ ಸಿಕ್ಕಿದೆ.

ಮೊದಲು ಒಂದು ವಿಚಿತ್ರ ಸಂಗತಿ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಾಲದಿಂದ ಅಲ್ಲಿಯ ನೆಲವೆಲ್ಲ ತತ್ವತಃ ಅರಸೊತ್ತಿಗೆಯದು. ಪ್ರಜೆ ಕೊಳ್ಳುವುದು ನೆಲವನ್ನಲ್ಲ, ನೆಲದ ಮೇಲಿನ ಹಕ್ಕನ್ನು. ಇಂಥ ಹಕ್ಕುಗಳ ಹಳೆಯ ಗೋಜಲನ್ನು 1925ರ ಆಸ್ತಿ ಕಾಯಿದೆ ಎರಡಕ್ಕೆ ಇಳಿಸಿತು. ಒಂದು ಫ್ರೀಹೋಲ್ಡ್. ಇದಕ್ಕೆ ಕಾಲಮಿತಿಯಿಲ್ಲ, ವ್ಯವಹಾರದಲ್ಲಿ ನಾವು ಸ್ವಂತ ಮನೆ ಎನ್ನುವುದಕ್ಕೆ ಸಮ. ಇನ್ನೊಂದು ಲೀಸ್‌ಹೋಲ್ಡ್. ಇದು 99, 125, ಕೆಲವೊಮ್ಮೆ 999 ವರ್ಷಗಳಿಗೆ ಕೊಂಡ ಗುತ್ತಿಗೆ ಹಕ್ಕು. ಇಂಗ್ಲೆಂಡಿನ ಫ್ಲ್ಯಾಟುಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವು. ಅವಧಿ ಮುಗಿದಾಗ ಒಡೆತನ ಮೂಲ ಒಡೆಯನಿಗೆ ಮರಳುತ್ತದೆ. ವಾಸವಿರುವವರು ಬಾಡಿಗೆದಾರರಾಗಿ ಮುಂದುವರಿಯಲು ಕೆಲವು ರಕ್ಷಣೆಗಳಿವೆ, ಅಷ್ಟೆ.

ನಾನು ವಿಜ್ಞಾನ ಓದಿದವನು. ಕರಗುತ್ತ ಹೋಗುವ ಈ ಹಕ್ಕನ್ನು ನೋಡಿದಾಗ ವಿಕಿರಣಶೀಲ ಧಾತುವಿನ ಅರ್ಧಾಯುಷ್ಯ ನೆನಪಾಗುತ್ತದೆ. ಆದರೆ ಹೋಲಿಕೆ ಪೂರ್ತಿ ಸರಿಯಲ್ಲ. ಧಾತುವಿನ ರೇಖೆ ಸೊನ್ನೆಯ ಹತ್ತಿರ ಹೋಗುತ್ತಲೇ ಇರುತ್ತದೆ, ಲೀಸ್ ಒಂದು ದಿನ ಸೊನ್ನೆಯನ್ನು ಮುಟ್ಟಿಯೇ ಬಿಡುತ್ತದೆ. ಉರಿಯುವ ಮೇಣದಬತ್ತಿ ಎನ್ನುವುದೇ ಮೇಲು.

ಈ ಮೇಣದಬತ್ತಿಯ ಬಿಸಿ ನಮ್ಮ ಮನೆಯವರಿಗೂ ತಟ್ಟಿದೆ. ನನ್ನ ದೊಡ್ಡಮ್ಮನ ಮಗ 2004ರಲ್ಲಿ ಲೆಸ್ಟರ್ ನಗರದಲ್ಲಿ ಫ್ಲ್ಯಾಟ್ ಕೊಂಡಾಗ ಲೀಸಿನಲ್ಲಿ 82 ವರ್ಷ ಉಳಿದಿತ್ತು. ಸಾಲಿಸಿಟರ್ ತಮ್ಮ ವರದಿಯಲ್ಲಿ ಆ ವಿಷಯ ಬರೆದಿದ್ದರು. “ನಾನೇನು ಇನ್ನೂ ಎಂಬತ್ತೆರಡು ವರ್ಷ ಬದುಕಿರುತ್ತೀನಾ?” ಎಂದು ಅಣ್ಣ ಕಾಗದವನ್ನು ಬದಿಗಿಟ್ಟ. 2019ರಲ್ಲಿ ಮಕ್ಕಳ ಓದಿಗಾಗಿ ಮಾರಲು ಹೊರಟಾಗ ಉಳಿದದ್ದು 67 ವರ್ಷ. ಇಷ್ಟು ಕಡಿಮೆ ಅವಧಿಯ ಲೀಸಿನ ಮೇಲೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಸಾಲ ಸಿಗದಿದ್ದರೆ ಕೊಳ್ಳುವವರೂ ಸಿಗುವುದಿಲ್ಲ. 1993ರ ಕಾಯಿದೆಯಂತೆ ಅವಧಿಯನ್ನು 90 ವರ್ಷ ವಿಸ್ತರಿಸಿಕೊಳ್ಳುವ ಹಕ್ಕು ಅವನಿಗಿತ್ತು, ನಿಜ. ಆದರೆ ಆಗಿನ ನಿಯಮದಲ್ಲಿ ಉಳಿದ ಅವಧಿ 80 ವರ್ಷಕ್ಕಿಂತ ಕೆಳಗಿಳಿದಿದ್ದರೆ ಮೂಲ ಒಡೆಯನಿಗೆ ಹೆಚ್ಚುವರಿ ಹಣ ಕೊಡಬೇಕಿತ್ತು. ಕೊಂಡ ಹೊಸದರಲ್ಲೇ ವಿಸ್ತರಿಸುವ ಏರ್ಪಾಡು ಮಾಡಿಕೊಂಡಿದ್ದರೆ ಅಷ್ಟು ಹೊರೆ ಬೀಳುತ್ತಿರಲಿಲ್ಲ. ಕೂಡಿಟ್ಟ ಹಣದ ಬಹುಭಾಗ ಅದಕ್ಕೇ ಹೋಯಿತು.

ಲೀಸಿನೊಡನೆ ನೆಲಬಾಡಿಗೆಯೆಂಬುದೂ ಇರುತ್ತಿತ್ತು. ಕೆಲವು ಕರಾರುಗಳಲ್ಲಿ ಅದು ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುವಂತೆ ಬರೆದು ಜನರನ್ನು ಕಂಗೆಡಿಸಿದ್ದೂ ಉಂಟು. 2022ರ ಜೂನ್ 30ರಿಂದ ಬಹುತೇಕ ಹೊಸ ದೀರ್ಘಾವಧಿ ಲೀಸುಗಳಲ್ಲಿ ಈ ಬಾಡಿಗೆ ‘ಒಂದು ಕಾಳುಮೆಣಸು’ ಮಾತ್ರ. ನಗಬೇಡಿ, ಕಾಯಿದೆಯ ಭಾಷೆಯೇ ಹಾಗಿದೆ! ಏನೂ ಕೊಡಬೇಕಿಲ್ಲ ಎಂಬುದಕ್ಕೆ ಅಲ್ಲಿಯ ವಕೀಲರು ಬಳಸುತ್ತ ಬಂದ ಮಾತು ಅದು. ಮೆಣಸಿಗಾಗಿ ಯುರೋಪಿನ ಹಡಗುಗಳು ನಮ್ಮ ಕರಾವಳಿಯವರೆಗೆ ಬಂದ ಕಥೆ ಗೊತ್ತಿರುವ ನಮಗೆ ಆ ಕಾಳು ಬೆಲೆಯಿಲ್ಲದ್ದಕ್ಕೆ ಹೆಸರಾದದ್ದು ತಮಾಷೆಯಾಗಿಯೇ ಕಾಣುತ್ತದೆ. ಲೀಸ್‌ದಾರರಿಗೆ ಇನ್ನಷ್ಟು ಅನುಕೂಲ ಮಾಡುವ ಕಾಯಿದೆಯೊಂದು 2024ರಲ್ಲಿ ಅಂಗೀಕಾರವಾಯಿತು. ಅದರ ಭಾಗಗಳೆಲ್ಲ ಒಮ್ಮೆಗೇ ಜಾರಿಗೆ ಬರುವಂಥವಲ್ಲ. ಆದ್ದರಿಂದ ಕೊಳ್ಳುವ ದಿನ ಯಾವ ನಿಯಮ ನಡೆಯುತ್ತಿದೆ ಎಂಬುದನ್ನು ಸಾಲಿಸಿಟರರನ್ನೇ ಕೇಳಬೇಕು.

ಇನ್ನು ಕೊಳ್ಳುವ ಕ್ರಮ. ನಮ್ಮಲ್ಲಿ ಮಾತು ಮುಗಿದೊಡನೆ ಮುಂಗಡ ಕೊಟ್ಟು ಕರಾರು ಬರೆಸುತ್ತೇವೆ. ಅಲ್ಲಿ ಬೆಲೆ ಒಪ್ಪಿಗೆಯಾದ ಮೇಲೂ ವಾರಗಟ್ಟಲೆ ಯಾರೂ ಯಾರಿಗೂ ಬದ್ಧರಲ್ಲ. ನೆಲದ ಕರಾರು ಲಿಖಿತವಾಗಿ, ಸಹಿಯೊಡನೆ ಇರಲೇಬೇಕೆಂದು 1989ರ ಕಾಯಿದೆ ಹೇಳುತ್ತದೆ. ಆ ನಡುವಿನ ದಿನಗಳಲ್ಲಿ ಸರ್ವೇಯರ್ ಬಂದು ಕಟ್ಟಡ ನೋಡುತ್ತಾನೆ, ಸಾಲಿಸಿಟರ್ ಸ್ಥಳೀಯ ಆಡಳಿತದ ದಾಖಲೆಗಳನ್ನು ತಡಕುತ್ತಾನೆ. ಚರಂಡಿ ಎಲ್ಲಿ ಹಾಯುತ್ತದೆ, ಹಳೆಯ ಗಣಿ ಪ್ರದೇಶವಾದರೆ ಕೆಳಗೆ ಕಲ್ಲಿದ್ದಲು ತೆಗೆದಿದ್ದಾರೆಯೇ ಎಂಬುದನ್ನೂ ವಿಚಾರಿಸುತ್ತಾರೆ. ಇಷ್ಟಕ್ಕೆಲ್ಲ ಖರ್ಚು ಮಾಡಿ ಕುಳಿತಿರುವಾಗ ಇನ್ನೊಬ್ಬ ಹೆಚ್ಚು ಬೆಲೆ ಹೇಳಿ ಮನೆಯನ್ನು ಹಾರಿಸಿಕೊಂಡು ಹೋಗಬಹುದು. ಇದಕ್ಕೆ ಅಲ್ಲಿ ಗಜಂಪಿಂಗ್ ಎಂದು ಹೆಸರೇ ಇದೆ. ಅದು ಅಪರಾಧವೇನಲ್ಲ, ಖರ್ಚಾದದ್ದು ಹಿಂದಿರುಗುವುದೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಆ ವ್ಯವಸ್ಥೆಯ ದೊಡ್ಡ ದೋಷ.

ಕರಾರು ಪತ್ರಗಳನ್ನು ಪರಸ್ಪರ ವಿನಿಮಯ ಮಾಡಿಕೊಂಡ ದಿನ ಎಲ್ಲವೂ ಬದಲಾಗುತ್ತದೆ. ಸಾಮಾನ್ಯವಾಗಿ ಶೇಕಡ 10ರಷ್ಟು ಮುಂಗಡವನ್ನು ಆಗ ಕೊಡುತ್ತಾರೆ; ಕೊಳ್ಳುವವನು ಹಿಂದೆ ಸರಿದರೆ ಅದು ಹೋದಂತೆಯೇ. ವಾಡಿಕೆಯ ಕರಾರಿನಲ್ಲಿ ಅಂದಿನಿಂದಲೇ ಮನೆಯ ಅಪಾಯವೂ ಕೊಳ್ಳುವವನದು. ಕೀಲಿಕೈ ಕೈಗೆ ಬರುವ ಮೊದಲೇ ಬೆಂಕಿ ಬಿದ್ದರೂ ಹಣ ಕೊಡಬೇಕಾಗುತ್ತದೆ. ಅದಕ್ಕಾಗಿ ವಿಮೆಯನ್ನು ವಿನಿಮಯದ ದಿನವೇ ಮಾಡಿಸಬೇಕು. ಇದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸಿನ ಮಾತು. ಸ್ಕಾಟ್ಲೆಂಡಿನ ಕಾನೂನೇ ಬೇರೆ.

ಅಲ್ಲಿಯ ಪ್ರಜೆಯಲ್ಲದವರೂ ಕೊಳ್ಳಬಹುದೇ? ಕೊಳ್ಳಬಹುದು. ಆದರೆ ಆ ದೇಶದ ನಿವಾಸಿಯಲ್ಲದವರಿಗೆ 2021ರ ಏಪ್ರಿಲ್‌ನಿಂದ ಶೇಕಡ 2ರಷ್ಟು ಹೆಚ್ಚು ಮುದ್ರಾಂಕ ತೆರಿಗೆ ಬೀಳುತ್ತದೆ. ಮನೆಯಿದೆ ಎಂದ ಮಾತ್ರಕ್ಕೆ ವೀಸಾ ಸಿಗುವುದೂ ಇಲ್ಲ.

ಒಡೆತನಕ್ಕೆ ಸಾಕ್ಷಿ ಯಾವುದು ಎಂಬಲ್ಲಿ ನಮಗೂ ಅವರಿಗೂ ಮೂಲ ವ್ಯತ್ಯಾಸವಿದೆ. ನಮ್ಮ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗುವುದು ಪತ್ರ. ಮಾರಿದವನಿಗೆ ನಿಜವಾಗಿ ಹಕ್ಕಿತ್ತೇ ಎಂಬ ಹೊಣೆ ಸರ್ಕಾರದ್ದಲ್ಲ. ಅದಕ್ಕೇ ನಾವು ತಾತನ ಕಾಲದ ಕ್ರಯಪತ್ರ, ಋಣಭಾರ ಪ್ರಮಾಣಪತ್ರ ಎಲ್ಲವನ್ನೂ ಹುಡುಕುತ್ತೇವೆ. ಇಂಗ್ಲೆಂಡಿನ ಭೂ ನೋಂದಣಿ ಕಚೇರಿ 1862ರಲ್ಲಿ ಸ್ಥಾಪನೆಯಾಯಿತು. ಮಾರಾಟವಾದ ಆಸ್ತಿಯ ನೋಂದಣಿ ದೇಶದ ಎಲ್ಲ ಭಾಗಗಳಲ್ಲೂ ಕಡ್ಡಾಯವಾದದ್ದು 1990ರ ಡಿಸೆಂಬರ್‌ನಲ್ಲಿ. ಅಲ್ಲಿ ನೋಂದಣಿಯಾಗುವುದು ಹಕ್ಕೇ. ದಾಖಲೆ ತಪ್ಪಾಗಿ ನಷ್ಟವಾದರೆ ಪರಿಹಾರ ಕೊಡುವ ಏರ್ಪಾಡೂ ಇದೆ. ಬೀರುವಿನಲ್ಲಿ ಬೀಗ ಹಾಕಿಡುವ ಪತ್ರಕ್ಕೆ ಅಲ್ಲಿ ಹೆಚ್ಚು ಮಹತ್ವವಿಲ್ಲ. ಯಾರು ಬೇಕಾದರೂ ಸಣ್ಣ ಶುಲ್ಕ ಕೊಟ್ಟು ಯಾವ ಮನೆಯ ಒಡೆಯ ಯಾರೆಂದು ನೋಡಬಹುದು.

ಇಷ್ಟು ಅಚ್ಚುಕಟ್ಟಾದ ದಾಖಲೆಯಲ್ಲೂ ಬೇಲಿಯ ಜಗಳ ತಪ್ಪಿಲ್ಲ ನೋಡಿ. ನಕ್ಷೆಯ ಮೇಲಿನ ಕೆಂಪು ಗೆರೆ ಸ್ಥೂಲವಾದ ಗಡಿಯನ್ನಷ್ಟೇ ತೋರಿಸುತ್ತದೆ, ಅಂಗುಲದ ಲೆಕ್ಕವನ್ನಲ್ಲ. ಎಡಗಡೆಯ ಬೇಲಿ ಮನೆಯವನದೇ ಎಂದು ಅಲ್ಲಿ ಅನೇಕರು ನಂಬಿದ್ದಾರೆ. ಅಂಥ ಕಾನೂನೇ ಇಲ್ಲ. ಇಬ್ಬರಿಗೂ ಸೇರಿದ ಗೋಡೆಯನ್ನು ಮುಟ್ಟಬೇಕಾದರೆ ಮಾತ್ರ 1996ರ ಕಾಯಿದೆಯ ನಿಯಮ ಖಚಿತವಾಗಿದೆ. ಕೆಲಸಕ್ಕೆ ಎರಡು ತಿಂಗಳು ಮೊದಲೇ ನೆರೆಯವನಿಗೆ ಲಿಖಿತ ನೋಟೀಸು ಕೊಡಬೇಕು. ಅವನು ಒಪ್ಪದಿದ್ದರೆ ಸರ್ವೇಯರರು ತೀರ್ಮಾನಿಸುತ್ತಾರೆ, ಆ ಖರ್ಚು ಸಾಮಾನ್ಯವಾಗಿ ಕಟ್ಟುವವನದೇ.