ಒಂದು ಮಗುವೂ ಒಂದು ಊರೂ

ಮದುವೆಯ ಕರೆಯೋಲೆ ಕೊಡಲು ಬಂದವರು ಹೊಸ್ತಿಲಲ್ಲಿ ನಿಂತು, “ಮನೆಮಂದಿಯೆಲ್ಲ ಬರಬೇಕು, ಒಂದು ದಿನ ಮುಂಚಿತವಾಗಿಯೇ ಬರಬೇಕು” ಎಂದು ಹೇಳುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ನನ್ನ ಪರಿಚಯದ ಮನೆಯೊಂದರಲ್ಲಿ ಈ ‘ಎಲ್ಲ’ ಎಂಬ ಮಾತಿಗೆ ಅಪವಾದವುಂಟು. ಆ ಮನೆಯ ಹನ್ನೊಂದು ವರ್ಷದ ಹುಡುಗ ಓಲಗದ ಸದ್ದನ್ನು ಸಹಿಸಲಾರ. ಡೋಲು ಮೊಳಗಿತೆಂದರೆ ಎರಡು ಕೈಗಳನ್ನೂ ಕಿವಿಗೊತ್ತಿಕೊಂಡು ನೆಲದ ಮೇಲೆ ಉರುಳಾಡುತ್ತಾನೆ. ಒಮ್ಮೆ ಹೀಗಾದಾಗ ಬಂಧುಗಳೊಬ್ಬರು ಅವನ ತಾಯಿಯನ್ನು ಕುರಿತು, “ನೀನು ಮನೆಯಲ್ಲೇ ಇದ್ದುಬಿಡಬಹುದಾಗಿತ್ತಲ್ಲಮ್ಮ” ಎಂದರಂತೆ. ಅಂದಿನಿಂದ ಆಕೆ ಮನೆಯಲ್ಲೇ ಇದ್ದುಬಿಟ್ಟಿದ್ದಾರೆ. ಯಜಮಾನರು ಒಬ್ಬರೇ ಹೋಗಿ ಮುಯ್ಯಿ ಮಾಡಿ ಬರುತ್ತಾರೆ.

ಹುಡುಗನ ಸ್ಥಿತಿಗೆ ವೈದ್ಯರು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆ ಎಂಬ ಪದ ಬಳಕೆಗೆ ಬಂದಿದೆ. ಪದವೇನೋ ಸೊಗಸಾಗಿದೆ, ಆದರೆ ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಅದನ್ನು ಕೇಳಿದೊಡನೆ ಕಣ್ಣುಮುಚ್ಚಿ ಕುಳಿತ ಯೋಗಿಯೊಬ್ಬನ ಚಿತ್ರ ಮನಸ್ಸಿಗೆ ಬರುತ್ತದೆ. ಈ ಹುಡುಗನಾದರೋ ತನ್ನಲ್ಲೇ ಮುಳುಗಿ ಹೊರಗಿನದನ್ನು ಮರೆತವನಲ್ಲ. ಹೊರಗಿನ ಸದ್ದು, ಬೆಳಕು, ಬಟ್ಟೆಯ ಒರಟು ಇವೆಲ್ಲ ನಮ್ಮನ್ನು ತಟ್ಟುವುದಕ್ಕಿಂತ ಹೆಚ್ಚಾಗಿ ಅವನನ್ನು ತಟ್ಟುತ್ತವೆ. ತನಗೆ ಹೀಗಾಗುತ್ತಿದೆ ಎಂದು ಹೇಳುವ ಮಾತು ಮಾತ್ರ ಅವನಿಗೆ ಒದಗಿ ಬರುವುದಿಲ್ಲ.

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ೧೯೪೩ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದುದು ಈ ವಿಷಯದಲ್ಲಿ ಮೊದಲ ಪ್ರಸಿದ್ಧ ಬರಹ. ಅದರ ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಬೇರೆಯಾಗಿಯೇ ಇಂತಹ ಮಕ್ಕಳ ವಿಚಾರ ಬರೆದರು. ಆದರೆ ಮುಂದಿನ ಎರಡು ದಶಕಗಳ ಕಾಲ ವಿದ್ವಾಂಸರು ಮಕ್ಕಳಿಗೆ ಮಾಡಿದ ಉಪಕಾರಕ್ಕಿಂತ ತಾಯಂದಿರಿಗೆ ಮಾಡಿದ ಅಪಕಾರವೇ ಹೆಚ್ಚು. ತಾಯಿಯ ಹೃದಯ ಶೀತಲವಾಗಿದ್ದುದರಿಂದ ಮಗು ಹೀಗಾಯಿತೆಂಬ ವಾದ ಹುಟ್ಟಿತು. ಬ್ರೂನೋ ಬೆಟಲ್‌ಹೈಮ್ ೧೯೬೭ರಲ್ಲಿ ಅದನ್ನೇ ಒಂದು ದೊಡ್ಡ ಗ್ರಂಥವಾಗಿಸಿದರು. ನಮ್ಮಲ್ಲಿ ‘ಪೂರ್ವಜನ್ಮದ ಕರ್ಮ’ ಎನ್ನುವ ಅಜ್ಜಿಗೂ ಆ ಪಂಡಿತರಿಗೂ ಏನು ಅಂತರವೋ ನನಗೆ ಕಾಣದು. ಅಜ್ಜಿ ಕರ್ಮವನ್ನು ದೂರಿಯೂ ಮಗುವಿಗೆ ತುತ್ತು ಕೊಡುತ್ತಾಳೆ ಎಂಬಷ್ಟೇ ಅಂತರ. ಈ ವಾದವನ್ನು ಮುರಿದವರಲ್ಲಿ ಮುಖ್ಯರು ಬರ್ನಾರ್ಡ್ ರಿಮ್‌ಲ್ಯಾಂಡ್. ಅವರು ಮನಶ್ಶಾಸ್ತ್ರಜ್ಞರು, ಇಂತಹ ಮಗನೊಬ್ಬನ ತಂದೆ. ಇದು ಮಿದುಳಿನ ಬೆಳವಣಿಗೆಗೆ ಸೇರಿದ ಸಂಗತಿ, ಸಾಕಣೆಯ ದೋಷವಲ್ಲ ಎಂದು ೧೯೬೪ರ ತಮ್ಮ ಪುಸ್ತಕದಲ್ಲಿ ಸಾಧಿಸಿದರು. ಅಷ್ಟರಲ್ಲಿ, ೧೯೬೨ರಲ್ಲಿ, ಇಂಗ್ಲೆಂಡಿನ ತಂದೆತಾಯಿಗಳು ಒಟ್ಟುಗೂಡಿ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಸೇವಾಸಂಸ್ಥೆಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುವ ಮಾತು: ಮೊದಲ ಶಾಲೆ ತೆರೆಯುವವರು ಮನೆಯವರು, ಸರ್ಕಾರ ಆಮೇಲೆ ಬರುತ್ತದೆ.

ಕ್ಯಾನರ್ ಬರೆದ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅವನ ಹೆಸರು ಡೊನಾಲ್ಡ್ ಟ್ರಿಪ್ಲೆಟ್. ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಚಿಕ್ಕ ಊರಿನಲ್ಲಿ ೧೯೩೩ರಲ್ಲಿ ಹುಟ್ಟಿದವನು. ನಾಲ್ಕು ವರ್ಷ ತುಂಬುವ ಮೊದಲೇ, ವೈದ್ಯರ ಸಲಹೆಯಂತೆ, ಅವನನ್ನು ದೂರದ ಸಂಸ್ಥೆಯೊಂದಕ್ಕೆ ಸೇರಿಸಿದರು. ತಾಯಿತಂದೆಗಳ ಮನಸ್ಸು ತಡೆಯಲಿಲ್ಲ. ವರ್ಷದೊಳಗೆ ಮನೆಗೆ ಕರೆತಂದರು. ತಂದೆ ವಕೀಲರು. ಮಗನ ನಡೆನುಡಿಗಳನ್ನೆಲ್ಲ ವಿವರಿಸಿ ಮೂವತ್ತಮೂರು ಪುಟಗಳ ಕಾಗದವೊಂದನ್ನು ಕ್ಯಾನರರಿಗೆ ಬರೆದರು. ಹುಡುಗ ಹತ್ತರ ಹತ್ತಿರ ಬಂದಾಗ, ಸಮೀಪದಲ್ಲಿದ್ದ ಮಕ್ಕಳಿಲ್ಲದ ಬೇಸಾಯಗಾರ ದಂಪತಿಗಳ ಬಳಿ ಅವನನ್ನು ಕೆಲವು ವರ್ಷ ಇರಿಸಿದರು. ಆ ರೈತರು ಯಾವ ಶಾಸ್ತ್ರವನ್ನೂ ಓದಿದವರಲ್ಲ. ಹುಡುಗನಿಗೆ ಅಳೆಯುವ ಹುಚ್ಚು. ಬಾವಿಯ ಆಳವನ್ನು ಅಳೆದು ಹೇಳು ಎಂದರು. ಅವನಿಗೆ ಎಣಿಸುವ ಹುಚ್ಚು. ಜೋಳದ ಸಾಲುಗಳನ್ನು ಉಳುತ್ತಾ ಎಣಿಸು ಎಂದರು. ಎಣಿಸುವ ನೆಪದಲ್ಲಿ ಅವನು ಉಳುವುದನ್ನು ಕಲಿತ. ಮುಂದೆ ಕಾಲೇಜು ಮುಗಿಸಿ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ನಡೆಸಿದ, ಗಾಲ್ಫ್ ಆಡಿದ, ಒಬ್ಬನೇ ದೇಶಗಳನ್ನು ಸುತ್ತಿದ. ಪತ್ರಿಕೆಯವರು ಅವನನ್ನು ಹುಡುಕಿಕೊಂಡು ಫಾರೆಸ್ಟಿಗೆ ಬಂದಾಗ, ಅವನಿಗೆ ನೋವಾಗುವಂತೆ ಏನಾದರೂ ಮಾಡಿದರೆ ಸುಮ್ಮನಿರುವುದಿಲ್ಲವೆಂದು ಊರವರೇ ಎಚ್ಚರಿಕೆ ಕೊಟ್ಟರಂತೆ. ೨೦೨೩ರಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ತನ್ನ ಊರಿನವನಾಗಿಯೇ ಅವನು ತೀರಿಕೊಂಡ.

ಅವನ ಮನೆಯವರು ಸಿರಿವಂತರು, ಬ್ಯಾಂಕು ತಾಯಿಯ ತವರಿನವರದು, ಅವರು ಬಿಳಿಯ ಜನ ಎಂಬುದನ್ನು ಇಲ್ಲಿ ಮರೆಮಾಚಬಾರದು. ಅದೇ ಕಾಲದ ಅದೇ ರಾಜ್ಯದ ಬಡ ಕರಿಯ ಮಗುವೊಂದಕ್ಕೆ ಬಾಲ್ಟಿಮೋರಿನ ವೈದ್ಯರೂ ದೊರೆಯುತ್ತಿರಲಿಲ್ಲ, ಬ್ಯಾಂಕಿನ ಕುರ್ಚಿಯೂ ದೊರೆಯುತ್ತಿರಲಿಲ್ಲ. ಆದರೂ ಬಾವಿಗೆ ಹಗ್ಗ ಇಳಿಬಿಟ್ಟ ಆ ರೈತನ ಬುದ್ಧಿಗೆ ಹಣ ಬೇಕಾಗಿರಲಿಲ್ಲ.

ನಮ್ಮ ನಾಡಿನ ಮಾತಿಗೆ ಬರೋಣ. ದೆಹಲಿಯಲ್ಲಿ ಮೇರಿ ಬರುವಾ ಎಂಬ ತಾಯಿ ೧೯೯೧ರಲ್ಲಿ ‘ಆಕ್ಷನ್ ಫಾರ್ ಆಟಿಸಂ’ ಸಂಸ್ಥೆಯನ್ನು ಆರಂಭಿಸಿದರು. ತಾಯಿಯೂ ಮಗುವೂ ಒಟ್ಟಿಗೆ ಬಂದು ಕಲಿತು ಹೋಗುವ ಶಿಕ್ಷಣಕ್ರಮ ಅಲ್ಲಿಯ ವಿಶೇಷ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಅದೇ ನಗರದಲ್ಲಿ ಡಾ. ಪ್ರತಿಭಾ ಕಾರಂತರು ಎಳೆಯ ಮಕ್ಕಳಿಗಾಗಿಯೇ ‘ಕಾಂ ಡೀಲ್’ ಎಂಬ ಕ್ರಮವನ್ನು ರೂಪಿಸಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಷ್ಟು ಹಿಂದೆಯೇ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಆದರೆ ಹಳ್ಳಿಯ ತಾಯಿಯೊಬ್ಬಳು ವಾರಕ್ಕೆರಡು ಸಲ ಬಸ್ಸು ಹತ್ತಿ ಮೈಸೂರಿಗೆ ಬರಬೇಕೆಂದರೆ ಕೂಲಿ ಹೋಯಿತು, ಬಸ್ಸಿನ ಹಣ ಹೋಯಿತು, ಬಸ್ಸಿನಲ್ಲಿ ಮಗು ಕೂಗಿಕೊಂಡಾಗ ಮಾನವೂ ಹೋಯಿತು. ಮೂರನೆಯ ತಿಂಗಳಿಗೆ ಆಕೆ ಬರುವುದನ್ನು ನಿಲ್ಲಿಸಿದರೆ ತಪ್ಪು ಹೇಳುವಂತಿಲ್ಲ.

ಈ ಕಾರಣಕ್ಕಾಗಿ ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ನಡೆದ ಒಂದು ಪ್ರಯೋಗ ನನಗೆ ಬಹಳ ಮೆಚ್ಚುಗೆಯಾಯಿತು. ಅದರ ಫಲಿತಾಂಶ ೨೦೧೬ರಲ್ಲಿ ಲ್ಯಾನ್ಸೆಟ್ ಬಳಗದ ಮನೋವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡರಿಂದ ಒಂಬತ್ತು ವರ್ಷದೊಳಗಿನ ಅರವತ್ತೈದು ಮಕ್ಕಳು. ಅರ್ಧದಷ್ಟು ಮಕ್ಕಳ ಮನೆಯವರಿಗೆ ಆರು ತಿಂಗಳಲ್ಲಿ ಹನ್ನೆರಡು ಪಾಠಗಳು. ಪಾಠ ಹೇಳಿದವರು ತಜ್ಞರಲ್ಲ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು. ಮಗುವಿನೊಡನೆ ತಾಯಿ ಆಡುವುದನ್ನು ವಿಡಿಯೊದಲ್ಲಿ ಹಿಡಿದು, ಬಳಿಕ ಆಕೆಯ ಪಕ್ಕದಲ್ಲೇ ಕುಳಿತು ನೋಡುವುದು: “ಇಲ್ಲಿ ನೋಡಿ, ಅವನು ಚೆಂಡಿನ ಕಡೆ ತಿರುಗಿದ, ಆಗ ನೀವು ಸುಮ್ಮನಿದ್ದು ಕಾದಿರಿ, ಅವನೇ ನಿಮ್ಮ ಕೈ ಎಳೆದ.” ಕ್ರಮವೆಂದರೆ ಇಷ್ಟೇ. ಮಗುವಿನ ಗತಿಗೆ ಹೊಂದಿಕೊಂಡು ನಡೆಯುವುದನ್ನು ತಂದೆತಾಯಿಗಳು ಕಲಿತರು. ಮಕ್ಕಳು ತಾವಾಗಿಯೇ ಸಂಪರ್ಕಕ್ಕೆ ಬರುವುದು ಹೆಚ್ಚಿತು. ಎಲ್ಲ ಅಳತೆಗಳಲ್ಲಿಯೂ ಸುಧಾರಣೆ ಕಾಣಲಿಲ್ಲವೆಂಬುದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಅದರಿಂದಲೇ ಉಳಿದ ಮಾತಿನಲ್ಲಿ ವಿಶ್ವಾಸ ಹುಟ್ಟುತ್ತದೆ. ಕರ್ನಾಟಕದಲ್ಲಿ ಅಂಗವಿಕಲರಿಗಾಗಿ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಕೈಗೆ ಈ ವಿದ್ಯೆಯನ್ನು ಕೊಟ್ಟರೆ ಎಷ್ಟು ತಾಯಂದಿರ ಬಸ್ಸಿನ ಪ್ರಯಾಣ ತಪ್ಪೀತು! ಈಗಲಾದರೋ ಅವರ ಬಹುಪಾಲು ದಿನ ಅರ್ಜಿ ಬರೆಸುವುದರಲ್ಲಿಯೇ ಕಳೆದುಹೋಗುತ್ತದೆ.

ಕಾನೂನಿನ ಕೊರತೆ ಈಗ ಮೊದಲಿನಷ್ಟಿಲ್ಲ. ೧೯೯೫ರ ಅಂಗವಿಕಲರ ಕಾಯಿದೆಯ ಏಳು ವಿಧಗಳಲ್ಲಿ ಆಟಿಸಂಗೆ ಸ್ಥಳವಿರಲಿಲ್ಲ. ೨೦೧೬ರ ಕಾಯಿದೆಯ ಇಪ್ಪತ್ತೊಂದರಲ್ಲಿ ಇದೆ. ಆದರೆ ತಂದೆತಾಯಿಗಳು ರಾತ್ರಿ ನಿದ್ದೆಗೆಟ್ಟು ಯೋಚಿಸುವ ಪ್ರಶ್ನೆ ಶಾಲೆಯದಲ್ಲ, ವಿಮೆಯದೂ ಅಲ್ಲ. ನಾನು ಮೊದಲು ಹೇಳಿದ ಮನೆಯ ಯಜಮಾನರು ಒಂದು ಸಂಜೆ, “ರಾಯರೆ, ನಾವಿರುವಷ್ಟು ದಿನ ಹೇಗೋ ನಡೆಯುತ್ತದೆ. ಆಮೇಲೆ?” ಎಂದು ಕೇಳಿದರು. ಈ ‘ಆಮೇಲೆ’ಗೆ ಉತ್ತರವಾಗಿ ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆ ಒಂದು ದಾರಿ ತೋರಿಸಿದೆ. ಹದಿನೆಂಟು ತುಂಬಿದ ಬಳಿಕವೂ ಬೇಕಾದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ನೇಮಿಸುವುದು ಜಿಲ್ಲಾಮಟ್ಟದ ಸ್ಥಳೀಯ ಸಮಿತಿ: ಜಿಲ್ಲಾಧಿಕಾರಿಗಳ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಮತ್ತು ಸ್ವತಃ ವಿಕಲಚೇತನರಾದ ಒಬ್ಬರು. ಪೋಷಕನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ವರ್ಷವರ್ಷವೂ ಲೆಕ್ಕವನ್ನೂ ಒಪ್ಪಿಸಬೇಕು. ಆಸ್ತಿಗೆ ಇದು ಸರಿ. ಆದರೆ ಓಲಗದ ಸದ್ದಿಗೆ ಹುಡುಗ ಬೆದರುವನೆಂಬುದು ಯಾವ ಪಟ್ಟಿಯಲ್ಲಿ ಸೇರಬೇಕು?

ಆ ಯಜಮಾನರು ಈಗ ಅದಕ್ಕೆಂದೇ ಒಂದು ನೋಟುಪುಸ್ತಕ ಇಟ್ಟಿದ್ದಾರೆ. ಹೆಂಡತಿ ಹೇಳುತ್ತಾರೆ, ಇವರು ಬರೆಯುತ್ತಾರೆ. ಹುಡುಗನ ಚಿಕ್ಕಪ್ಪನ ಮಗಳು ತಿಂಗಳಿಗೊಮ್ಮೆ ಬಂದು ಓದಿ, ತನಗೆ ಅರ್ಥವಾಗದಲ್ಲಿ ಗುರುತು ಹಾಕಿ ಹೋಗುತ್ತಾಳೆ. ಮುಂದೆ ನೋಡಿಕೊಳ್ಳುವವಳು ತಾನೆಂದು ಆಕೆಯೇ ಹೇಳಿದ್ದಾಳೆ. ಕಳೆದ ವಾರ ನನಗೂ ತೋರಿಸಿದರು. ನಲವತ್ತನೆಯ ಪುಟ ದಾಟಿದೆ. “ಮೊಸರನ್ನವನ್ನು ನೀಲಿ ತಟ್ಟೆಯಲ್ಲಿಯೇ ಬಡಿಸಬೇಕು. ತಟ್ಟೆ ಒಡೆದರೆಂದು ಅಂತಹವೇ ನಾಲ್ಕು ಅಟ್ಟದ ಮೇಲಿವೆ. ಕುಕ್ಕರು ಕೂಗುವ ಮುಂಚೆ ಅವನಿಗೆ ಹೇಳಿ. ಕ್ಯಾಲೆಂಡರಿನ ಹಾಳೆಯನ್ನು ಅವನೇ ಹರಿಯಬೇಕು, ನೀವು ಹರಿಯಬೇಡಿ. ಹೊಸಬರು ಬಂದರೆ ಕೈ ಹಿಡಿಯಬಾರದು, ಪಕ್ಕದಲ್ಲಿ ಕುಳಿತಿರಲಿ, ಹತ್ತು ನಿಮಿಷ ಮಾತು ಬೇಡ.” ಈ ಕೊನೆಯ ಸಾಲಿನ ಪಕ್ಕದಲ್ಲಿ ಹುಡುಗಿ ಪೆನ್ಸಿಲಿನಿಂದ ಬರೆದಿದ್ದಳು: “ನನಗೆ ಏಳು ನಿಮಿಷ ಸಾಕಾಯಿತು.”