ಹೆಬ್ಬೆಟ್ಟಿಗೂ ಒಂದು ಬೀಗ

ಮೊಬೈಲು, ಕಂಪ್ಯೂಟರುಗಳಲ್ಲಿ ಖಾಸಗಿತನ ಕಾಪಾಡಿಕೊಳ್ಳುವ ಮಾತು ಬಂದರೆ ಎಲ್ಲರೂ ಪಾಸ್‌ವರ್ಡಿನಿಂದ ಶುರು ಮಾಡುತ್ತಾರೆ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಂಥ ಹೋಬಳಿಯಲ್ಲಿ ನಿಂತು ನೋಡಿದರೆ ಹೆಬ್ಬೆಟ್ಟಿನಿಂದ ಶುರು ಮಾಡಬೇಕು ಅನ್ನಿಸುತ್ತದೆ. ಪಡಿತರಕ್ಕೆ ಹೆಬ್ಬೆಟ್ಟು. ಗೃಹಲಕ್ಷ್ಮಿಯ ಎರಡು ಸಾವಿರ ಬಿಡಿಸಿಕೊಳ್ಳಲು ಬ್ಯಾಂಕ್ ಮಿತ್ರನ ಮುಂದೆ ಹೆಬ್ಬೆಟ್ಟು. ಹೊಸ ಸಿಮ್ಮಿಗೆ ಹೆಬ್ಬೆಟ್ಟು. ತೋಟ ಮಾರಲಿ, ಕೊಳ್ಳಲಿ, ಅಣ್ಣತಮ್ಮಂದಿರು ಪಾಲಾಗಲಿ, ಉಪನೋಂದಣಿ ಕಚೇರಿಯಲ್ಲಿ ಮತ್ತೆ ಹೆಬ್ಬೆಟ್ಟು. ಪಾಸ್‌ವರ್ಡ್ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು. ಹೆಬ್ಬೆಟ್ಟಿನ ಗೆರೆ ಕಳುವಾದರೆ ಬೇರೆ ಹೆಬ್ಬೆಟ್ಟು ತರುವುದೆಲ್ಲಿಂದ?

ಹಾಗೆ ಕಳುವಾದದ್ದು ನಮ್ಮ ರಾಜ್ಯದಲ್ಲೇ ನಡೆದಿದೆ. 2023ರಲ್ಲಿ ಬೆಂಗಳೂರಿನ ಪೊಲೀಸರಿಗೆ ಒಂದೇ ಬಗೆಯ ದೂರುಗಳು ಬರತೊಡಗಿದವು. ದೂರು ಕೊಟ್ಟವರು ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾರಿಗೂ ಓಟಿಪಿ ಹೇಳಿರಲಿಲ್ಲ. ಆದರೂ ಖಾತೆಯಿಂದ ಹಣ ಹೋಗಿತ್ತು. ಅವರಲ್ಲಿ ಅನೇಕರು ಸ್ವಲ್ಪ ದಿನ ಮೊದಲು ಆಸ್ತಿ ನೋಂದಣಿ ಮಾಡಿಸಿದ್ದರು. ನೋಂದಾಯಿತ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ವಂಚಕರು ಎತ್ತಿಕೊಂಡಿದ್ದಾರೆ ಎಂಬ ಜಾಡು ಹಿಡಿದು ಪೊಲೀಸರು ಹೊರಟರು. ಜಾಡು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದತ್ತ ಹೋಯಿತು. ಆಮೇಲೆ ಪತ್ರಗಳ ಪ್ರತಿಯಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕೆಲಸಕ್ಕೆ ಇಲಾಖೆ ಕೈಹಾಕಿತು.

ಇದು ಹೊಸ ಕುತಂತ್ರವೂ ಆಗಿರಲಿಲ್ಲ. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯ ಒಬ್ಬ ಸಿಮ್ ಮಾರಾಟಗಾರ ಅಲ್ಲಿನ ನೋಂದಣಿ ಇಲಾಖೆಯ ಜಾಲತಾಣದಿಂದಲೇ ಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚುಗಳ ನಕಲು ಮಾಡಿ, ಯಾರ್‍ಯಾರದೋ ಹೆಸರಿನಲ್ಲಿ ಸಾವಿರಾರು ಸಿಮ್ ಚಾಲೂ ಮಾಡಿಸಿ ಸಿಕ್ಕಿಬಿದ್ದಿದ್ದ. ನೆರೆರಾಜ್ಯದಲ್ಲಿ ಐದು ವರ್ಷ ಮೊದಲೇ ಕಂಡ ತೂತನ್ನು ಇಲ್ಲಿ ಆಗಲೇ ಮುಚ್ಚಬೇಕಾಗಿತ್ತು. ಈ ಮಾತನ್ನು ಗಟ್ಟಿಯಾಗಿಯೇ ಹೇಳಬೇಕು.

ತೂತು ಎಲ್ಲಿದೆ ಎಂದು ತಿಳಿಯಲು ಎರಡು ಕಾನೂನು ಒಟ್ಟಿಗೆ ನೋಡಬೇಕು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಆಸ್ತಿಯ ನೋಂದಣಿ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಇದು ಸರಿಯಾದದ್ದೇ. ಜಮೀನು ಕೊಳ್ಳುವವರಿಗೆ ಅದು ಯಾರ ಹೆಸರಿನಲ್ಲಿದೆ ಎಂಬುದು ಗೊತ್ತಾಗಲೇಬೇಕು. ಅದೇ ಕಾಯ್ದೆಗೆ 2001ರಲ್ಲಿ ಸೇರಿದ 32-ಎ ಕಲಂ, ಪತ್ರಕ್ಕೆ ಫೋಟೊ ಮತ್ತು ಬೆರಳಚ್ಚು ಹಾಕಲೇಬೇಕು ಎನ್ನುತ್ತದೆ. ಇದೂ ಸರಿ, ಬೇರೆಯವರ ಜಮೀನನ್ನು ತನ್ನದೆಂದು ಬರೆದುಕೊಡುವವರನ್ನು ತಡೆಯಲು. ಕಾಗದ ಕಚೇರಿಯ ಕಪಾಟಿನಲ್ಲಿ ಇರುವವರೆಗೆ ಇವೆರಡರಿಂದ ತೊಂದರೆ ಇರಲಿಲ್ಲ. ಕಾಗದ ಸ್ಕ್ಯಾನ್ ಆಗಿ ಕಂಪ್ಯೂಟರಿಗೆ ಏರಿತು. ಅದೇ ಹೊತ್ತಿಗೆ ಬ್ಯಾಂಕು ಕೂಡ ಅದೇ ಹೆಬ್ಬೆಟ್ಟನ್ನು ನಂಬತೊಡಗಿತು. ತೊಂದರೆ ಹುಟ್ಟಿದ್ದು ಈ ಕೂಡಿಕೆಯಲ್ಲಿ.

ಕಾಗದದ ಮೇಲಿನ ಕೈಗುರುತಿಗೆ ನಮ್ಮ ದೇಶದಲ್ಲಿ ಹಳೆಯ ಚರಿತ್ರೆಯೇ ಇದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆ ಸಾಮಗ್ರಿಯ ಗುತ್ತಿಗೆದಾರ ರಾಜ್ಯಧರ್ ಕೊನಾಯ್ ಅವರ ಅಂಗೈ ಗುರುತನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. ಮುಂದೆ ಮಾತು ತಪ್ಪದಿರಲಿ ಎಂಬುದು ಉದ್ದೇಶ. ಅಲ್ಲಿಂದ ಇಲ್ಲಿಯವರೆಗೂ ಹೆಬ್ಬೆಟ್ಟಿನ ಗುರುತು ಗುಟ್ಟಿನ ವಸ್ತುವಾಗಿರಲಿಲ್ಲ. ಎಲ್ಲರಿಗೂ ಕಾಣುವ ಸಾಕ್ಷಿಯಾಗಿತ್ತು. ಎಲ್ಲರಿಗೂ ಕಾಣುವುದನ್ನೇ ಹಣದ ಪೆಟ್ಟಿಗೆಯ ಕೀಲಿ ಮಾಡಿದ್ದು ನಮ್ಮ ಕಾಲದ ಕೆಲಸ.

ಆ ಪೆಟ್ಟಿಗೆಯ ಹೆಸರು ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ಬ್ಯಾಂಕ್ ಮಿತ್ರನ ಕೈಯಲ್ಲಿರುವ ಚಿಕ್ಕ ಯಂತ್ರ ಕೇಳುವುದು ಮೂರೇ: ಯಾವ ಬ್ಯಾಂಕು, ಆಧಾರ್ ಸಂಖ್ಯೆ ಎಷ್ಟು, ಬೆರಳು ಎಲ್ಲಿ. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿ ಬೇಡ. ಬ್ಯಾಂಕಿಗೆಂದು ಗುಬ್ಬಿಗೆ ಬಸ್ಸು ಹತ್ತಲಾಗದ ಅಜ್ಜಿಗೆ ಇದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯಬಾರದು. ಆದರೆ ವಂಚಕರಿಗೆ ಬೇಕಾದ ಮೂರರಲ್ಲಿ ಎರಡು ಕ್ರಯಪತ್ರದ ಪ್ರತಿಯಲ್ಲೇ ಸಿಕ್ಕರೆ, ಬ್ಯಾಂಕಿನ ಹೆಸರು ಒಂದೊಂದಾಗಿ ಒತ್ತಿ ನೋಡಿದರೂ ಸಾಕು. ಬೆರಳಚ್ಚಿನ ಚಿತ್ರದಿಂದ, ರಬ್ಬರ್ ಸ್ಟಾಂಪು ಮಾಡುವಂಥ ಸಾಮಗ್ರಿಯಲ್ಲೇ ತೆಳುವಾದ ನಕಲಿ ಬೆರಳು ತಯಾರಾಗುತ್ತದೆ. 2023ರ ಫೆಬ್ರವರಿಯಲ್ಲಿ ಆಧಾರ್ ಪ್ರಾಧಿಕಾರ ಬೆರಳು ಜೀವಂತದ್ದೇ ಎಂದು ಪರೀಕ್ಷಿಸುವ ಹೊಸ ತಪಾಸಣೆ ತಂದಿತು. ಅಷ್ಟನ್ನೇ ನಂಬಿ ಸುಮ್ಮನೆ ಕೂರಬೇಡಿ.

ನಿಮ್ಮ ಕೈಯಲ್ಲಿರುವ ಬೀಗ ಹೀಗಿದೆ. ಆಧಾರ್‌ನ ಆ್ಯಪ್‌ನಲ್ಲಿ, ಇಲ್ಲವೇ ಪ್ರಾಧಿಕಾರದ ಜಾಲತಾಣದಲ್ಲಿ ‘ಬಯೋಮೆಟ್ರಿಕ್ ಲಾಕ್’ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ನಿಮ್ಮ ಬೆರಳು, ಕಣ್ಣು, ಮುಖ ಯಾವುದರಿಂದಲೂ ದೃಢೀಕರಣ ನಡೆಯದು. ನಕಲಿ ಬೆರಳು ಇಟ್ಟವನ ಯಂತ್ರದಲ್ಲಿ 330 ಎಂಬ ದೋಷಸಂಖ್ಯೆ ಮೂಡುತ್ತದೆ. ನಿಮಗೇ ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು, ಮತ್ತೆ ಅದಾಗಿಯೇ ಮುಚ್ಚಿಕೊಳ್ಳುತ್ತದೆ. ಆಸ್ತಿ ನೋಂದಣಿ ಮಾಡಿಸಿದವರು ಮನೆಗೆ ಬಂದ ದಿನವೇ ಇದನ್ನು ಹಾಕುವುದು ಒಳ್ಳೆಯದು.

ಆದರೆ ಇದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ ಬೇಕು. ನಿಜವಾದ ಕಷ್ಟ ಇಲ್ಲಿದೆ. ಎಷ್ಟೋ ಮನೆಗಳಲ್ಲಿ ತಾಯಿಯ ಆಧಾರ್‌ಗೆ ಇರುವುದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ನಂಬರು, ಇಲ್ಲವೇ ಎಂದೋ ರೀಚಾರ್ಜ್ ನಿಂತು ಸತ್ತ ನಂಬರು. ಹಾಗಾಗಿ ಮೊದಲ ಕೆಲಸ, ಮನೆಯ ಪ್ರತಿಯೊಬ್ಬರ ಆಧಾರ್‌ಗೆ ಯಾವ ನಂಬರ್ ಜೋಡಣೆಯಾಗಿದೆ ಎಂದು ನೋಡಿ, ತಪ್ಪಿದ್ದರೆ ಆಧಾರ್ ಕೇಂದ್ರದಲ್ಲೋ ಅಂಚೆ ಪಾವತಿ ಬ್ಯಾಂಕಿನ ಪೋಸ್ಟ್‌ಮ್ಯಾನ್ ಮೂಲಕವೋ ಸರಿಪಡಿಸಿಕೊಳ್ಳುವುದು. ತಿಂಗಳು ತಿಂಗಳೂ ಪಡಿತರಕ್ಕೆ ಬೆರಳು ಕೊಡಬೇಕಾದ ಅಜ್ಜ ಅಜ್ಜಿಯರಿಗೆ ಲಾಕ್ ಹಾಕಿ ತೆಗೆಯುವುದು ತಲೆನೋವೇ. ಅಂಥವರ ಹಣ ಇರುವ ಖಾತೆಗೆ ಎಇಪಿಎಸ್ ಮೂಲಕ ಹಣ ತೆಗೆಯುವ ಸೌಲಭ್ಯ ಬೇಡವೆಂದು ಬ್ಯಾಂಕಿನಲ್ಲಿ ಬರೆದುಕೊಟ್ಟು ಕೇಳಿ ನೋಡಿ.

ಇನ್ನೊಂದು ಮೋಸಕ್ಕೆ ನಕಲಿ ಬೆರಳೂ ಬೇಕಾಗಿಲ್ಲ. ತೆಂಗಿನಕಾಯಿ ಸುಲಿದು, ಅಡಿಕೆ ಸುಲಿದು ಸವೆದ ಬೆರಳು ಯಂತ್ರಕ್ಕೆ ಒಂದೇ ಸಲಕ್ಕೆ ಸಿಗುವುದಿಲ್ಲ. ‘ಬರಲಿಲ್ಲ, ಇನ್ನೊಂದ್ಸಲ ಒತ್ತಮ್ಮ’ ಎನ್ನುವುದು ದಿನದ ಮಾತು. ಹೆಚ್ಚಿನವರು ನಿಜವನ್ನೇ ಹೇಳುತ್ತಾರೆ. ಕೆಟ್ಟವನೊಬ್ಬನಿಗೆ ಮಾತ್ರ ಇದೇ ಮಾತು ಎರಡನೆಯ ಸಲ ಹಣ ಎಳೆಯುವ ದಾರಿ. ಮೊದಲ ಸಲದ್ದು ವಿಫಲವಾಯಿತೆಂಬ ಚೀಟಿ ನೋಡದೆ ಎರಡನೆಯ ಸಲ ಒತ್ತಬಾರದು. ತಿಂಗಳಿಗೊಮ್ಮೆ ಪಾಸ್‌ಬುಕ್ ಬರೆಸಬೇಕು.

ಜೆರಾಕ್ಸ್ ಅಂಗಡಿ, ಗ್ರಾಮ ಒನ್, ಪತ್ರಬರಹಗಾರರ ಮೇಜು: ಹೋಬಳಿಯವರ ಗುಟ್ಟು ಹೆಚ್ಚು ಸೋರುವುದು ಇಲ್ಲಿ, ಬಹುತೇಕ ಯಾರ ಕೆಟ್ಟ ಮನಸ್ಸೂ ಇಲ್ಲದೆ. ಪ್ರಿಂಟಿಗೆಂದು ವಾಟ್ಸ್‌ಆ್ಯಪ್ ಮಾಡಿದ ಆಧಾರ್, ಪಾಸ್‌ಬುಕ್, ಪಹಣಿ ಆ ಅಂಗಡಿಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ನಿಮ್ಮ ಫೋನಿನಲ್ಲಿ ‘ಎಲ್ಲರಿಗೂ ಅಳಿಸು’ ಒತ್ತಿದರೂ ಅವರು ಇಳಿಸಿಕೊಂಡ ಪ್ರತಿ ಅಳಿಯುವುದಿಲ್ಲ. ‘ಅಣ್ಣ, ಡಿಲೀಟ್ ಮಾಡಿಬಿಡಿ’ ಎಂದು ಹೇಳಿ, ಮಾಡುವವರೆಗೆ ಅಲ್ಲೇ ನಿಲ್ಲುವುದರಲ್ಲಿ ಸಂಕೋಚವೇನಿಲ್ಲ. ಗುರುತಿಗೆ ಮಾತ್ರ ಆಧಾರ್ ಕೇಳಿದಾಗ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ. ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಈ ಸಲಹೆ ಕೊಟ್ಟಿತ್ತು. ತಪ್ಪಾಗಿ ಅರ್ಥೈಸುವ ಸಾಧ್ಯತೆ ಇದೆಯೆಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂಪಡೆಯಿತು. ನನ್ನ ಮಟ್ಟಿಗೆ ಬೆಂಗಳೂರು ಕಚೇರಿ ಹೇಳಿದ್ದೇ ಸರಿ.

ಸಿಮ್ಮಿನ ವಿಚಾರ. ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ನಂಬರ್ ಹಾಕಿದರೆ ನಿಮ್ಮ ಹೆಸರಿನಲ್ಲಿರುವ ಎಲ್ಲ ಸಿಮ್ಮುಗಳೂ ಕಾಣುತ್ತವೆ. ಕೊಳವೆಬಾವಿಯ ಮೊಬೈಲ್ ಸ್ಟಾರ್ಟರಿನೊಳಗೆ ಹಾಕಿಟ್ಟ ಸಿಮ್ ಕೂಡ ಆ ಪಟ್ಟಿಯಲ್ಲಿ ಬರುತ್ತದೆ, ಅದನ್ನು ಗಾಬರಿಯಲ್ಲಿ ತೆಗೆಸಿಬಿಡಬೇಡಿ. ನಿಮ್ಮದಲ್ಲದ್ದನ್ನು ಅಲ್ಲೇ ‘ನನ್ನದಲ್ಲ’ ಎಂದು ತಿಳಿಸಿ. ಸ್ಟಾರ್ಟರು ಮನೆಯವರ ನಂಬರಿಗೆ ಮಾತ್ರ ಓಗೊಡುವಂತೆ ಹೊಂದಿಸಿ. ಅಂಗಡಿಗೋ ಅಡಿಕೆ ಕಣಕ್ಕೋ ಹಾಕಿಸಿದ ಸಿಸಿಟಿವಿಯಲ್ಲಿ ಕಂಪನಿ ಕೊಟ್ಟ ಪಾಸ್‌ವರ್ಡನ್ನು, ಕ್ಯಾಮೆರಾ ಕೂರಿಸಲು ಬಂದ ಹುಡುಗ ಹೋದ ಮೇಲೆ ನೀವೇ ಬದಲಿಸಿ. ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಫೋಟೊ ಕೇಳಿದರೆ ಅಲ್ಲೇ ನಿಲ್ಲಿಸಿ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಅವುಗಳನ್ನು ಮುಟ್ಟಬಾರದೆಂದು ಹೇಳಿದೆ.

ಖಾಸಗಿತನದ ಈ ಬೀಗಗಳೆಲ್ಲ ಯಾರೋ ದಯೆಯಿಂದ ಕೊಟ್ಟ ಸೌಕರ್ಯವಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಪಡಿತರದ ಸಾಲಿನಲ್ಲಿ ನಿಂತವರಿಗೂ ಆ ಹಕ್ಕು ಸೇರಿದ್ದು.

ಹಣ ಹೋದದ್ದು ಗೊತ್ತಾದರೆ ಕಾಯಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದೇ ದಿನ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದ ವಂಚನೆಯಲ್ಲಿ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕರ ಮೇಲೆ ನಷ್ಟ ಹೊರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತು. ತುಮಕೂರಿನಲ್ಲಿ ಇಂಥ ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆ ಇದೆ. ಹೋಗುವಾಗ ಪಾಸ್‌ಬುಕ್, ಹಣ ಹೋದ ಮೆಸೇಜು, ಇತ್ತೀಚೆಗೆ ನೋಂದಣಿ ಆಗಿದ್ದರೆ ಆ ಪತ್ರದ ನಕಲು, ಮೂರನ್ನೂ ಜೊತೆಗೆ ಒಯ್ಯಿರಿ.